ಬೆಕ್ಕು ಮೀಯಿಸಿದ ವರ್ಷಗಳು

ಕಳಸದಿಂದ ಸಂಸೆಗೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿಯುವ ಕಡೆ, ಅಹಮದ್ ಸಾಬ್ರ ಗ್ಯಾರೇಜು ಇತ್ತು. ಮುಂದುಗಡೆ ತಗಡಿನ ಮಾಡು, ಅದರ ಹಿಂದೆ ಮನೆ, ಮನೆಯ ಹಿಂದೆ ಬಚ್ಚಲು ಮತ್ತು ಬಟ್ಟೆ ಒಗೆಯುವ ಕಲ್ಲು. ಆ ಕಲ್ಲಿನಾಚೆಯ ಬೇಲಿಯೇ ನಮ್ಮ ಹಿತ್ತಲಿನ ಬೇಲಿ. ಸಾಬ್ರ ಹೆಂಡತಿ ಶಹರ್ ಬಾನು ಅವರನ್ನು ಕೇರಿಯವರೆಲ್ಲ ಬಾನಕ್ಕ ಅನ್ನುತ್ತಿದ್ದರು. ನನ್ನ ಅಮ್ಮ ವಸಂತಮ್ಮನಿಗೂ ಅವರಿಗೂ ಬೇಲಿಯ ಮೇಲಿನ ಗೆಳೆತನ. ಈಚೆಯಿಂದ ಕೆಸುವಿನ ಎಲೆ ಹೋಗುತ್ತಿತ್ತು, ಹಬ್ಬದ ದಿನ ಆಚೆಯಿಂದ ಶಾವಿಗೆ ಪಾಯಸ ಬರುತ್ತಿತ್ತು. ಮನೆಯೊಳಗೆ ಅವರ ಮಾತು ಉರ್ದು. ಆದರೆ ನಾನಿಲ್ಲಿ ಬರೆಯುತ್ತಿರುವುದರಲ್ಲಿ ಹೆಚ್ಚಿನದನ್ನು ಬಾನಕ್ಕ ಅಮ್ಮನ ಹತ್ತಿರ ಕನ್ನಡದಲ್ಲೇ ಹೇಳಿಕೊಂಡಿದ್ದರು. ಉಳಿದದ್ದನ್ನು ಬೇಲಿಯ ಈಚೆಯಿಂದ ನಾನೇ ನೋಡಿದ್ದೇನೆ.

ಬಾನಕ್ಕ ಮೂಡಿಗೆರೆಯವರು. ಅವರ ತಂದೆ ಸಂತೆಗಳಲ್ಲಿ ಬಳೆ ಮಾರುತ್ತಿದ್ದರು. ಮದುವೆಯಾಗಿ ಕಳಸಕ್ಕೆ ಬಂದಾಗ ಗ್ಯಾರೇಜಿಗೆ ಮಾಡೂ ಇರಲಿಲ್ಲ, ಅಹಮದ್ ಸಾಬ್ರು ಹಲಸಿನ ಮರದಡಿ ಜೀಪು ರಿಪೇರಿ ಮಾಡುತ್ತಿದ್ದರಂತೆ. ಮೊದಲು ಹುಟ್ಟಿದವಳು ನೌರೀನ್. ಆಮೇಲೆ ಬಹಳ ವರ್ಷ ಕಾದು, ಇನ್ನು ಆಗುವುದಿಲ್ಲ ಅಂದುಕೊಂಡ ಮೇಲೆ ಹುಟ್ಟಿದವನು ಶಾದಾಬ್. ನೌರೀನ್‌ಗೆ ತೊಂಬತ್ತೈದರಲ್ಲಿ ಮೂಡಿಗೆರೆಯಲ್ಲೇ ಮದುವೆಯಾಯಿತು. ಶಾದಾಬ್ ಹತ್ತನೇ ಕ್ಲಾಸು ಮುಗಿಸಿ, ಪುಸ್ತಕದ ಚೀಲವನ್ನು ಅಟ್ಟಕ್ಕೆ ಎಸೆದು ಅಪ್ಪನ ಜೊತೆ ಗ್ಯಾರೇಜಿಗೆ ಇಳಿದ.

ಬೆಕ್ಕು ತಂದವನು ಅವನೇ. ಸಂಸೆ ಕಡೆಯ ಒಂದು ಎಸ್ಟೇಟಿಗೆ ಜೀಪಿನ ಕೆಲಸಕ್ಕೆ ಹೋಗಿದ್ದವನು ಬರುವಾಗ ಅಂಗಿಯೊಳಗೆ ಒಂದು ಮರಿಯನ್ನು ಇಟ್ಟುಕೊಂಡು ಬಂದ. ಬಂಗಲೆಯ ಪರ್ಷಿಯನ್ ಬೆಕ್ಕಿಗೂ ಕೂಲಿ ಲೈನಿನ ಯಾವುದೋ ಗಂಡುಬೆಕ್ಕಿಗೂ ಹುಟ್ಟಿದ್ದು. ಮುಖ ನಮ್ಮೂರ ಬೆಕ್ಕಿನದು, ಕೂದಲು ಮಾತ್ರ ಬಂಗಲೆಯದು. ಹಾಲಿನ ಕೆನೆಯ ಬಣ್ಣ, ಬೆರಳಿಟ್ಟರೆ ಬೆರಳು ಮುಳುಗುವಷ್ಟು ಉದ್ದ ಕೂದಲು. ಮಲಾಯಿ ಅಂತ ಹೆಸರಿಟ್ಟ.

ಬಾನಕ್ಕ ಬೇಡ ಅಂದಿದ್ದರು. "ಗ್ಯಾರೇಜಿಗೆ ಯಾರಾದ್ರೂ ಬಿಳೀ ಬೆಕ್ಕು ತರ್ತಾರಾ?"

ಅವರು ಹೇಳಿದ್ದು ಸರಿಯೇ ಇತ್ತು. ಮಲಾಯಿಗೆ ಬೆಚ್ಚಗಿನ ಜಾಗ ಬೇಕು. ಕಳಸದಲ್ಲಿ ವರ್ಷದ ಬಹುಪಾಲು ಬೆಚ್ಚಗಿರುವ ಜಾಗವೆಂದರೆ ಆಗಷ್ಟೇ ಬಂದು ನಿಂತ ಗಾಡಿಯ ಅಡಿ. ಅಲ್ಲಿ ಮಲಗಿ ಎದ್ದು ಬಂದಾಗ ಬೆನ್ನ ಮೇಲೆಲ್ಲ ಕಪ್ಪು ಆಯಿಲ್ ಇರುತ್ತಿತ್ತು. ಬೆಕ್ಕು ಸುಮ್ಮನಿರುವ ಪ್ರಾಣಿಯಲ್ಲ, ಮೈಗೆ ಹತ್ತಿದ್ದನ್ನು ನೆಕ್ಕಿ ತೆಗೆಯುತ್ತದೆ. ಹಾಗೆ ನೆಕ್ಕಿ ಒಮ್ಮೆ ಎರಡು ದಿನ ವಾಂತಿ ಮಾಡಿಕೊಂಡು ಮೂಲೆ ಹಿಡಿಯಿತು. ಶಾದಾಬ್ ಗಾಬರಿಯಾಗಿ ತನಗೆ ಗೊತ್ತಿದ್ದ ರೀತಿಯಲ್ಲಿ, ಅಂದರೆ ಕೈ ತೊಳೆದುಕೊಳ್ಳುವ ಹಾಗೆ, ಸೀಮೆಎಣ್ಣೆ ಬಟ್ಟೆಯಿಂದ ಒರೆಸಲು ಹೋದ. ಬೆಕ್ಕಿನ ಹೊಟ್ಟೆಯ ಚರ್ಮ ಕೆಂಪಗೆ ಸುಟ್ಟಂತಾಯಿತು. ದನದ ಆಸ್ಪತ್ರೆಯ ಕಾಂಪೌಂಡರ್ ಅವನಿಗೆ ಚೆನ್ನಾಗಿ ಬೈದು, ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ ಆಯಿಲ್ ಸಡಿಲ ಮಾಡಬೇಕು, ಆಮೇಲೆ ಕಡಲೆ ಹಿಟ್ಟು ಹಚ್ಚಬೇಕು ಅಂತ ಹೇಳಿ ಕಳಿಸಿದರು.

ಅಲ್ಲಿಂದ ಪ್ರತಿ ಶುಕ್ರವಾರ ಬೆಳಿಗ್ಗೆ ಆ ಕಲ್ಲಿನ ಹತ್ತಿರ ಮಲಾಯಿಯ ಸ್ನಾನ. ಶುಕ್ರವಾರ ಗ್ಯಾರೇಜಿಗೆ ರಜ. ನಾನು ಆಗ ಹೈಸ್ಕೂಲಿಗೆ ಹೋಗುತ್ತಿದ್ದೆ. ಯೂನಿಫಾರಂ ಹಾಕಿಕೊಂಡು ಬೇಲಿಯ ಹತ್ತಿರ ನಿಂತು ನೋಡುವುದು ನನಗೊಂದು ಅಭ್ಯಾಸವಾಗಿತ್ತು. ಅಗಲ ಬಾಯಿಯ ಪ್ಲಾಸ್ಟಿಕ್ ಬೇಸಿನ್, ಅದರ ತಳಕ್ಕೆ ಮಡಚಿ ಹಾಸಿದ ಗೋಣಿಚೀಲ. ಕಾಲು ಜಾರಿದರೆ ಬೆಕ್ಕು ಹೆದರುತ್ತದೆ, ಉಗುರಿಗೆ ಹಿಡಿತ ಸಿಕ್ಕರೆ ಸುಮ್ಮನಿರುತ್ತದೆ ಅಂತ ಅವನೇ ಕಂಡುಕೊಂಡಿದ್ದ. ತಲೆಗೆ ನೀರು ಹಾಕುತ್ತಿರಲಿಲ್ಲ, ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಕಂಕುಳಲ್ಲಿ, ಕಿವಿಯ ಹಿಂದೆ ಗಂಟು ಕಟ್ಟಿದ ಕೂದಲನ್ನು ಕತ್ತರಿಯಿಂದ ಬಿಡಿಸುತ್ತಿದ್ದ. ಅಷ್ಟು ಹೊತ್ತೂ ಬೆಕ್ಕಿನ ಹತ್ತಿರ ಮಾತಾಡುತ್ತಲೇ ಇರುತ್ತಿದ್ದ, ಯಾವ ಎಸ್ಟೇಟಿನ ಜೀಪಿಗೆ ಏನಾಗಿದೆ, ಯಾವ ಧಣಿ ಗಾಡಿಯನ್ನು ಕೆಟ್ಟದಾಗಿ ಓಡಿಸುತ್ತಾರೆ ಅಂತ. ಒಳಗಿನಿಂದ ಬಾನಕ್ಕ ಕೂಗುತ್ತಿದ್ದರು, "ಬೆಕ್ಕು ಕೇಳಿದ್ದು ಸಾಕು, ನೀನೂ ಮೀಯಿ, ನಮಾಜಿಗೆ ಹೊತ್ತಾಯ್ತು."

ತೊಂಬತ್ತೊಂಬತ್ತರ ಮಳೆಗಾಲ ಮುಗಿದು ಕಾಫಿ ಕೊಯ್ಲಿಗೆ ಎಲ್ಲ ತಯಾರಾಗುತ್ತಿದ್ದ ದಿನಗಳು. ಗ್ಯಾರೇಜಿನ ಮುಂದೆ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಸಂಸೆಯಾಚೆಯ ಒಂದು ತೋಟದ ಜೀಪು ಬ್ರೇಕಿನ ಕೆಲಸಕ್ಕೆ ಬಂದಿತ್ತು. ಕೆಲಸ ಮಾಡಿದವನು ಶಾದಾಬ್. ಅಹಮದ್ ಸಾಬ್ರದು ಒಂದು ಕಟ್ಟುನಿಟ್ಟು ಇತ್ತು. ಬ್ರೇಕಿಗೆ ಕೈಹಾಕಿದ ಯಾವ ಗಾಡಿಯಾದರೂ ಸರಿ, ಅವರೇ ಅಡಿಗೆ ಇಳಿದು ನೋಡಿ, ಅವರೇ ಒಂದು ಸುತ್ತು ಓಡಿಸಿದ ಮೇಲೆಯೇ ಹೊರಗೆ ಬಿಡುವುದು. ಇದು ಊರಿಗೆಲ್ಲ ಗೊತ್ತು. ಅದಕ್ಕೇ ಜನ ದೂರದಿಂದ ಅವರಲ್ಲಿಗೆ ಬರುತ್ತಿದ್ದರು.

ಅವತ್ತು ಮಧ್ಯಾಹ್ನ ಜೀಪನ್ನು ತೋಟಕ್ಕೆ ತಲುಪಿಸಲು ಶಾದಾಬ್ ಹೊರಟ. ಸಂಸೆಗೆ ಮುಂಚಿನ ಒಂದು ತಿರುವಿನಲ್ಲಿ ಜೀಪು ಕೆಳಕ್ಕೆ ಹೋಯಿತು. ಹಿಂದೆ ಬರುತ್ತಿದ್ದ ಬಸ್ಸಿನವರು ಇಳಿದು ಅವನನ್ನು ಮೇಲಕ್ಕೆ ತರುವ ಹೊತ್ತಿಗೆ ಜೀವ ಇರಲಿಲ್ಲ. ಇಪ್ಪತ್ತು ತುಂಬಿರಲಿಲ್ಲ.

ಜೀಪನ್ನು ಎಳೆದು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ್ದರು. ದಫನ್ ಮುಗಿದ ಮೇಲೆ ಅಹಮದ್ ಸಾಬ್ರು ಒಬ್ಬರೇ ಅದರ ಅಡಿಗೆ ಹೋಗಿ ಮಲಗಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಯಾರಿಗೂ ಏನೂ ಹೇಳಲಿಲ್ಲ. ತೋಟದವರು ಒಳ್ಳೆಯವರು, ಅವರೂ ಏನೂ ಕೇಳಲಿಲ್ಲ.

ಕೇಳಿದವರು ಬಾನಕ್ಕ. ನಲವತ್ತನೆಯ ದಿನದ ಫಾತಿಹಾ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ, ಗಂಡನ ಮುಂದೆ ಅನ್ನದ ತಟ್ಟೆ ಇಟ್ಟು ಕೇಳಿದರಂತೆ: "ಬ್ರೇಕ್ ನೀವು ನೋಡಿದ್ರಾ?"

ಅಹಮದ್ ಸಾಬ್ರು ತಟ್ಟೆ ನೋಡುತ್ತ ಕೂತರು. ಆಮೇಲೆ ಊಟ ಮಾಡದೆ ಎದ್ದು ಹೋದರು.

"ಹೌದು ಅಂದಿದ್ರೂ ನಂಬ್ತಿದ್ದೆ, ಇಲ್ಲ ಅಂದಿದ್ರೂ ಅಳ್ತಿದ್ದೆ," ಅಂತ ಬಾನಕ್ಕ ಅಮ್ಮನಿಗೆ ಹೇಳಿದರು. "ಏನೂ ಹೇಳ್ಲಿಲ್ಲ ವಸಂತಮ್ಮ. ಅದನ್ನ ಎಂತ ಮಾಡ್ಲಿ ನಾನು?"

ಅಲ್ಲಿಂದ ಆ ಮನೆಯಲ್ಲಿ ಮಾತು ನಿಂತಿತು. ಜಗಳವೇನೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಅಡುಗೆ ಆಗುತ್ತಿತ್ತು, ಗಂಡನ ಬಟ್ಟೆ ಒಗೆದು ಮಡಚಿ ಇಟ್ಟಿರುತ್ತಿತ್ತು, ಸಾಮಾನು ತರಬೇಕಾದರೆ ಖಾಲಿ ಡಬ್ಬಿ ಬಾಗಿಲ ಹತ್ತಿರ ಕಾಣುವಂತೆ ಇರುತ್ತಿತ್ತು. ಅಹಮದ್ ಸಾಬ್ರು ಬ್ರೇಕಿನ ಕೆಲಸ ಹಿಡಿಯುವುದನ್ನು ಬಿಟ್ಟರು. ಯಾರಾದರೂ ತಂದರೆ, "ಅದು ನನ್ ಕೈಲಿ ಆಗಲ್ಲ ಮಾರಾಯ, ಬಾಳೆಹೊಳೆಗೆ ತಗೊಂಡು ಹೋಗು," ಅನ್ನುತ್ತಿದ್ದರು. ಅದರಿಂದಲೇ ಊರಿಗೆ ಎಲ್ಲ ಅರ್ಥವಾಯಿತು. ಯಾರೂ ಬಾಯಿ ಬಿಟ್ಟು ಆಡಲಿಲ್ಲ, ಅಷ್ಟೆ.

ಈ ನಡುವೆ ಮಲಾಯಿಯನ್ನು ಯಾರೂ ನೋಡಿಕೊಂಡಿರಲಿಲ್ಲ. ಗಾಡಿಗಳಡಿಯಲ್ಲೇ ಮಲಗಿ ಮಲಗಿ ಅದರ ಬಣ್ಣ ಯಾವುದೆಂದು ತಿಳಿಯದಂತಾಗಿತ್ತು. ಬಾಲದ ಬುಡದಲ್ಲಿ, ಹೊಟ್ಟೆಯ ಕೆಳಗೆ ಕೂದಲು ಡಾಂಬರಿನ ಉಂಡೆಯಂತೆ ಗಟ್ಟಿಯಾಗಿ, ನಡೆಯುವಾಗ ಚರ್ಮ ಎಳೆಯುತ್ತಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಅದು ಹೋಗಿ ಬಚ್ಚಲ ಬಾಗಿಲಲ್ಲಿ ಕೂತಿತು. ಬಾನಕ್ಕ ಓಡಿಸಿದರು. ಮತ್ತೆ ಬಂದು ಅಲ್ಲೇ ಕೂತಿತು.

"ಅದಕ್ಕೆ ವಾರ ಗೊತ್ತಿತ್ತೋ ಏನೋ," ಅಂದಳು ಅಮ್ಮ, ಆಮೇಲೆ ಬಾನಕ್ಕ ಇದನ್ನು ಹೇಳಿದಾಗ.

"ಗೊತ್ತಿಲ್ಲ. ಹಸಿವಾಗಿ ಕೂತಿತ್ತೋ ಏನೋ. ನಂಗೆ ಮಾತ್ರ ನೋಡೋಕಾಗ್ಲಿಲ್ಲ."

ಬಾನಕ್ಕ ಹಂಡೆಯಿಂದ ಬಿಸಿನೀರು ತೋಡಿಕೊಂಡರು. ಬೇಸಿನ್ ಇಟ್ಟರು, ಬೆಕ್ಕನ್ನು ಹಿಡಿದು ಇಳಿಸಿದರು. ಗೋಣಿ ಹಾಸಬೇಕೆಂದು ಅವರಿಗೆ ತಿಳಿದಿರಲಿಲ್ಲ. ಬೆಕ್ಕು ಜಾರಿತು, ಹೆದರಿತು, ಅವರ ಎಡಗೈಯನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಪರಚಿತು. ಆದರೂ ಬಾನಕ್ಕ ಬಿಡಲಿಲ್ಲ. ಒಂದು ಕೈಯಲ್ಲಿ ಒದ್ದಾಡುವ ಬೆಕ್ಕು, ಇನ್ನೊಂದು ಕೈಯಲ್ಲಿ ಚೊಂಬು, ರಕ್ತ ಸೋರಿ ಸೀರೆಯ ಮೇಲೆ ಬೀಳುತ್ತಿತ್ತು. ನಾನು ಬೇಲಿ ದಾಟಿ ಹೋಗೋಣ ಅಂದುಕೊಳ್ಳುವಷ್ಟರಲ್ಲಿ ಅಹಮದ್ ಸಾಬ್ರು ಹಿಂಬಾಗಿಲಿನಿಂದ ಬಂದರು. ಒಂದು ಗೋಣಿಚೀಲ ತಂದು ನಾಲ್ಕು ಮಡಿಕೆ ಮಾಡಿ ಬೇಸಿನ್ನಿನ ತಳಕ್ಕೆ ಹಾಕಿದರು. ಕುಕ್ಕರುಗಾಲಲ್ಲಿ ಕೂತು ಬೆಕ್ಕಿನ ಕುತ್ತಿಗೆಯ ಹಿಂದಿನ ತೊಗಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದನ್ನು ಎದೆಯ ಕೆಳಗೆ ಕೊಟ್ಟರು. ಬೆಕ್ಕು ನಡುಗುತ್ತ ನಿಂತಿತು.

"ನೀರು ಬಿಸಿ ಜಾಸ್ತಿ ಆಯ್ತು," ಅಂದರು.

ಎಷ್ಟೋ ತಿಂಗಳ ಮೇಲೆ ಅವರು ಹೆಂಡತಿಗೆ ಆಡಿದ ಮೊದಲ ಮಾತು ಅದು. ಬಾನಕ್ಕ ತಣ್ಣೀರು ಬೆರೆಸಿದರು. "ಈಗ?"

"ಈಗ ಸರಿ. ಬೆನ್ನಿಂದ ಹಾಕು. ಮೊದ್ಲು ಎಣ್ಣೆ ಹಚ್ಚಬೇಕಿತ್ತು."

"ಮುಂದಿನ ಸಲ ಹಚ್ತೀನಿ."

ಹೀಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಶುಕ್ರವಾರ ಬೆಳಿಗ್ಗೆ ಅವರಿಬ್ಬರೂ ಕಲ್ಲಿನ ಹತ್ತಿರ ಎದುರುಬದುರು ಕೂರುತ್ತಿದ್ದರು. ಸಾಬ್ರು ಹಿಡಿಯುವುದು, ಬಾನಕ್ಕ ತೊಳೆಯುವುದು. ಕೊಬ್ಬರಿ ಎಣ್ಣೆ ತಿಕ್ಕಿ, ಕಡಲೆ ಹಿಟ್ಟು ಹಚ್ಚಿ, ಹಿಟ್ಟು ಬೂದುಬಣ್ಣವಾಗಿ ಉದುರುವವರೆಗೆ ಕೈಯಾಡಿಸಿ, ಆಮೇಲೆ ಉಗುರುಬೆಚ್ಚಗಿನ ನೀರು. ಮಳೆಗಾಲದಲ್ಲಿ ಬಿಸಿಲಿರುವುದಿಲ್ಲ, ಆಗ ಬಚ್ಚಲ ಒಲೆಯ ಮುಂದೆ ಟವಲಿನಲ್ಲಿ ಸುತ್ತಿಕೊಂಡು ಕೂತು ಒಣಗಿಸುವುದು. ಒಣಗಿದ ಮೇಲೆ ಬಾನಕ್ಕ ತಮ್ಮ ಬಾಚಣಿಗೆಯಲ್ಲೇ ಬಾಚುತ್ತಿದ್ದರು. ಸಾಬ್ರು ಒಂದೊಂದೇ ಪಂಜವನ್ನು ಅದುಮಿ ಉಗುರಿನ ತುದಿ ಕತ್ತರಿಸುತ್ತಿದ್ದರು. "ಈ ಕಡೆ ತಿರುಗಿಸಿ," "ಕಿವಿಗೆ ನೀರು ಹೋಗ್ತದೆ," "ಹತ್ತಿ ಎಲ್ಲಿ," ಇಷ್ಟೇ ಮಾತು. ಬೇಸಿನ್ನಿನ ನೀರು ಚೆಲ್ಲಿದ ಮೇಲೆ ಸಾಬ್ರು ಮುಂಬಾಗಿಲಿಗೆ, ಬಾನಕ್ಕ ಅಡುಗೆಮನೆಗೆ. ಮತ್ತೆ ಮುಂದಿನ ಶುಕ್ರವಾರದವರೆಗೆ ಮೌನ.

ನೌರೀನ್ ಹೆರಿಗೆಗೆಂದು ಬಂದವಳು ಎರಡು ತಿಂಗಳು ಇದ್ದಳು. ಒಂದು ದಿನ ತನ್ನ ತಾಯಿಯನ್ನು ಕೇಳಿಯೇಬಿಟ್ಟಳು, "ಅಮ್ಮೀ, ನೀನು ಅಬ್ಬನ ಹತ್ರ ಮಾತೇ ಆಡಲ್ವಾ?"

"ಆಡ್ತೀನಲ್ಲ, ಶುಕ್ರವಾರ."

ನೌರೀನ್ ಎದ್ದು ನಮ್ಮ ಹಿತ್ತಲಿಗೆ ಬಂದು, ನನ್ನ ಅಮ್ಮನ ಹತ್ತಿರ ಕೂತು ಅತ್ತಳು. ತಮ್ಮ ಸತ್ತಾಗ ಅತ್ತದ್ದಕ್ಕಿಂತ ಅದು ಬೇರೆ ಥರದ ಅಳು ಅಂತ ಅಮ್ಮ ಹೇಳಿದ ನೆನಪು.

ಎರಡು ಸಾವಿರದ ಆರು ಇರಬೇಕು. ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಿತ್ತು. ಮಲಾಯಿಗೆ ವಯಸ್ಸಾಗಿತ್ತು. ಗಾಡಿಯಡಿಗೆ ಹೋಗುವುದನ್ನು ಬಿಟ್ಟಿತ್ತು, ಅದರ ಮೈಗೆ ಆಯಿಲ್ ಹತ್ತಿ ವರ್ಷವೇ ಆಗಿರಬಹುದು. ಸ್ನಾನದ ಅಗತ್ಯವಿರಲಿಲ್ಲ. ಆದರೂ ಶುಕ್ರವಾರ ಬಂದರೆ ಬಾನಕ್ಕ ಬೇಸಿನ್ ಇಡುತ್ತಿದ್ದರು, ಸಾಬ್ರು ಗೋಣಿ ತರುತ್ತಿದ್ದರು. ಅವತ್ತು ನೀರು ಬಿದ್ದೊಡನೆ ಕೂದಲೆಲ್ಲ ಮೈಗೆ ಅಂಟಿ, ಒಳಗಿನ ಬೆಕ್ಕು ಎಷ್ಟು ಸಣ್ಣದಾಗಿದೆಯೆಂದು ಇಬ್ಬರಿಗೂ ಕಾಣಿಸಿತು. ಬೆನ್ನುಮೂಳೆ ಎಣಿಸುವ ಹಾಗಿತ್ತು. ಮೊದಲಿನಂತೆ ಹಿಡಿಯುವುದೂ ಬೇಕಿರಲಿಲ್ಲ, ಅದು ಸಾಬ್ರ ಅಂಗೈಗೆ ಗದ್ದ ಊರಿ ನಿಂತಿತ್ತು.

"ಅವನು ನನ್ನ ಕೇಳಿದ್ದ," ಅಂದರು ಅಹಮದ್ ಸಾಬ್ರು.

ಬಾನಕ್ಕನ ಕೈ ನಿಂತಿತು.

"ಹೊರಡೋ ಮುಂಚೆ ಬಂದು ಕೇಳಿದ. ಅಬ್ಬ, ನೀವು ನೋಡಿದ್ರಾ, ಅಂತ. ನಾನು ಲಾರಿಯವನ ಹತ್ರ ಮಾತಾಡ್ತಾ ಇದ್ದೆ. ತಿರುಗಿ ಕೂಡ ನೋಡ್ಲಿಲ್ಲ. ಹ್ಞೂ, ತಗೊಂಡು ಹೋಗು ಅಂದೆ. ನೋಡಿರ್ಲಿಲ್ಲ ಬಾನು. ಪೈಪಿನ ನಟ್ಟು ಪೂರ್ತಿ ಬಿಗಿ ಆಗಿರ್ಲಿಲ್ಲ. ನೋಡಿದ್ರೆ ಕಾಣ್ತಿತ್ತು."

ಮಗ ಕೇಳಿದ್ದನ್ನೇ ತಾನೂ ಕೇಳಿದ್ದೆ, ಅದಕ್ಕೇ ಈ ಮನುಷ್ಯನಿಗೆ ಆ ದಿನ ಬಾಯಿ ಬರಲಿಲ್ಲ ಅಂತ ಬಾನಕ್ಕನಿಗೆ ಆಗ ಹೊಳೆಯಿತು. ಆದರೆ ಹೊಳೆದ ಮಾತ್ರಕ್ಕೆ ಮನಸ್ಸು ಕರಗಲಿಲ್ಲ. ಅವರೇ ಅಮ್ಮನಿಗೆ ಹೇಳಿದ್ದು ಹೀಗೆ: "ಬೆಕ್ಕು ಕೈಯಲ್ಲಿ ಇಲ್ಲದೆ ಇದ್ದಿದ್ರೆ ಚೊಂಬಲ್ಲಿ ಹೊಡೀತಿದ್ದೆನೋ ಏನೋ."

ಅವರು ಉಳಿದ ನೀರು ಹಾಕಿದರು. ಟವಲು ಸುತ್ತಿದರು. ಆಮೇಲೆ ಹೇಳಿದರು: "ನೋಡಿಲ್ಲ ಅಂತ ನಂಗೆ ಯಾವಾಗ್ಲೋ ಗೊತ್ತಿತ್ತು. ನೀವು ಬ್ರೇಕಿನ ಕೆಲ್ಸ ಬಿಟ್ಟಾಗ್ಲೇ ಗೊತ್ತಾಯ್ತು. ನೀವಾಗಿ ಹೇಳ್ಲಿ ಅಂತ ಕಾಯ್ತಿದ್ದೆ. ಹೇಳಿದ್ರೆ ಹಗುರ ಆಗ್ತದೆ ಅಂದ್ಕೊಂಡಿದ್ದೆ." ಸ್ವಲ್ಪ ಹೊತ್ತು ಬೆಕ್ಕಿನ ಕಿವಿ ಒರೆಸಿದರು. "ಆಗ್ಲಿಲ್ಲ."

ಸಾಬ್ರು ತಲೆ ಬಗ್ಗಿಸಿ ಗೋಣಿ ಹಿಂಡಿದರು.

ಆಮೇಲಿನ ಎರಡು ತಿಂಗಳು ಮೊದಲಿಗಿಂತ ಕಷ್ಟವಾಗಿದ್ದವು. ಇಷ್ಟು ದಿನ ಸಿಟ್ಟಿಗೆ ಒಂದು ಪ್ರಶ್ನೆಯ ಆಸರೆ ಇತ್ತು. ಈಗ ಉತ್ತರ ಸಿಕ್ಕಿ, ಸಿಟ್ಟು ಮಾತ್ರ ಉಳಿದಿತ್ತು. ಬಾನಕ್ಕ ಚೀಲಕ್ಕೆ ಬಟ್ಟೆ ತುಂಬಿಕೊಂಡು ಮೂಡಿಗೆರೆಗೆ, ಮಗಳ ಮನೆಗೆ ಹೋದರು. ಹೋಗುವಾಗ ಅಮ್ಮನಿಗೆ, "ಬೆಕ್ಕಿಗೆ ಸ್ವಲ್ಪ ಹಾಲು ಹಾಕಿ," ಅಂದರು, ಗಂಡನ ವಿಷಯ ಏನೂ ಹೇಳಲಿಲ್ಲ. ಅಮ್ಮ ಹಾಲು ಹಾಕುತ್ತಿದ್ದಳು. ಮಲಾಯಿ ಮೂಸಿ ನೋಡಿ ಬಿಡುತ್ತಿತ್ತು. ಒಂದು ಶುಕ್ರವಾರ ಅಹಮದ್ ಸಾಬ್ರು ಒಬ್ಬರೇ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು, ಒದ್ದೆ ಬಟ್ಟೆಯಿಂದ ಒರೆಸಿ, ಬಾಚುತ್ತ ಕೂತದ್ದನ್ನು ಕಂಡು ಅಮ್ಮ ನನ್ನ ಕೈಯಲ್ಲಿ ಎಸ್‌ಟಿಡಿ ಬೂತಿನಿಂದ ನೌರೀನ್ ಮನೆಗೆ ಫೋನ್ ಮಾಡಿಸಿದಳು. ಬೆಕ್ಕು ಊಟ ಬಿಟ್ಟಿದೆ, ಅಷ್ಟೇ ಹೇಳು ಅಂದಳು. ಮಾರನೆಯ ದಿನದ ಬಸ್ಸಿಗೆ ಬಾನಕ್ಕ ಬಂದರು.

ಮಲಾಯಿ ಇನ್ನೂ ಒಂದು ವಾರ ಇತ್ತು. ಬಾನಕ್ಕ ಬೆರಳಿನಲ್ಲಿ ಅದ್ದಿ ನೀರು ನೆಕ್ಕಿಸುತ್ತಿದ್ದರು. ಬಾಯಿಯ ಅಂಚಿಗೆ ಬಂದ ಜೊಲ್ಲನ್ನು ಸಾಬ್ರು ಒರೆಸುತ್ತಿದ್ದರು. ಅದು ಸತ್ತದ್ದು ಬೆಳಿಗ್ಗೆ, ಬಚ್ಚಲ ಒಲೆಯ ಪಕ್ಕದಲ್ಲಿ. ಬಾನಕ್ಕ ಅದನ್ನು ಕೊನೆಯ ಸಲ ತಲೆಯಿಂದ ಬಾಲದವರೆಗೆ ನಿಧಾನವಾಗಿ ಬಾಚಿದರು. ಅಹಮದ್ ಸಾಬ್ರು ಪೇರಲೆ ಮರದ ಬುಡದಲ್ಲಿ ಗುಂಡಿ ತೋಡಿದರು. ಮಣ್ಣು ಮುಚ್ಚುವಾಗ ಅವರು ಜೋರಾಗಿ ಅತ್ತರು. ಮಗನ ದಫನಿನ ದಿನ ಅವರು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಬಾನಕ್ಕ ಹತ್ತಿರ ಹೋಗಿ ನಿಂತರು, ಮುಟ್ಟಲಿಲ್ಲ. ಸಾಬ್ರು ಅತ್ತು ಮುಗಿಸಿದ ಮೇಲೆ ಬಾನಕ್ಕನೇ ಹಾರೆ ಎತ್ತಿಕೊಂಡು ಒಳಗೆ ಇಟ್ಟು ಬಂದರು.

ಮುಂದಿನ ಶುಕ್ರವಾರ ಬೆಳಿಗ್ಗೆ ಮಾಡಲು ಏನೂ ಇರಲಿಲ್ಲ. ಬಾನಕ್ಕ ಚಾ ಲೋಟ ಗಂಡನ ಮುಂದೆ ಇಟ್ಟು, "ಆ ಜಾಗ ತೋರಿಸ್ತೀರಾ," ಅಂದರು.

ಏಳು ವರ್ಷದಲ್ಲಿ ಬಾನಕ್ಕ ಜೀಪು ಬಿದ್ದ ಆ ಕಡೆ ಹೋಗಿರಲಿಲ್ಲ. ಸಾಬ್ರೂ ಅಷ್ಟೇ, ಆ ದಿಕ್ಕಿನ ತೋಟಗಳ ಕೆಲಸಕ್ಕೆ ಕರೆದರೆ ಗಾಡಿಯನ್ನೇ ಇಲ್ಲಿಗೆ ತನ್ನಿ ಅನ್ನುತ್ತಿದ್ದರು. ಇಬ್ಬರೂ ಬಸ್ಸಿನಲ್ಲಿ ಹೋಗಿ ಸಂಸೆಗೆ ಮುಂಚೆ ಇಳಿದುಕೊಂಡರು. ರಸ್ತೆಯಲ್ಲಿ ಸ್ವಲ್ಪ ದೂರ ನಡೆದು ಸಾಬ್ರು ನಿಂತರು. ಕೈ ಎತ್ತಿ ತೋರಿಸಲಿಲ್ಲ. ಅಂಚಿಗೆ ಹೊಸದಾಗಿ ಕಲ್ಲಿನ ಕಟ್ಟೆ ಕಟ್ಟಿದ್ದರು. ಕೆಳಗೆ ಲಂಟಾನ, ಅದರಾಚೆ ಯಾರದೋ ಏಲಕ್ಕಿ, ಅದರಾಚೆ ಹಳ್ಳ.

"ಇಷ್ಟು ಸಣ್ಣ ತಿರುವಾ?" ಅಂದರು ಬಾನಕ್ಕ.

ಅವರ ಮನಸ್ಸಿನಲ್ಲಿ ಅದು ಅಷ್ಟು ವರ್ಷ ತಳವೇ ಕಾಣದ ಪ್ರಪಾತವಾಗಿತ್ತಂತೆ. ಕಟ್ಟೆಯ ಮೇಲೆ ಕೂತರು. ಸಾಬ್ರು ಪಕ್ಕದಲ್ಲಿ ಕೂತರು. ಕಳಸದ ಕಡೆಯ ಬಸ್ಸು ಬಹಳ ಹೊತ್ತು ಬರಲಿಲ್ಲ. ಆಗ ಬಾನಕ್ಕ ಮಗನ ಬಗ್ಗೆ ಒಂದೊಂದೇ ಕೇಳಿದರು. ಗ್ಯಾರೇಜಿನಲ್ಲಿ ಅವನು ಹೇಗಿದ್ದ, ಏನು ತಿನ್ನುತ್ತಿದ್ದ, ಯಾವುದಾದರೂ ಹುಡುಗಿಯ ಸುದ್ದಿ ಇತ್ತಾ ಅಂತ. ಸಾಬ್ರು ಗೊತ್ತಿದ್ದದ್ದನ್ನೆಲ್ಲ ಹೇಳಿದರು. ಡ್ರೈವರುಗಳು ಕೊಟ್ಟ ಬೀಡಿಯನ್ನು ಒಮ್ಮೆ ಸೇದಿ ಕೆಮ್ಮಿದ್ದು, ಹೆದ್ದಾರಿ ಲಾರಿ ಓಡಿಸಬೇಕೆಂದು ಆಸೆಪಟ್ಟದ್ದು, ಲೈಸೆನ್ಸ್ ಬಂದ ದಿನ ಅದನ್ನು ರಾತ್ರಿ ದಿಂಬಿನಡಿ ಇಟ್ಟು ಮಲಗಿದ್ದು. ಬಾನಕ್ಕನಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಬಸ್ಸು ಬಂತು. ಕಂಡಕ್ಟರ್ ಪರಿಚಯದವನು. "ಎಲ್ಲಿಗೆ ಹೋಗಿದ್ರಿ ಸಾಬ್ರೇ, ಇಬ್ಬರೂ ಒಟ್ಟಿಗೆ? ಮದುವೆನಾ?"

ಬಾನಕ್ಕ, "ಹೀಗೇ, ಒಂದು ಕೆಲ್ಸ ಇತ್ತು," ಅಂದು ಎರಡು ಕಳಸ ಟಿಕೆಟ್ ತೆಗೆದುಕೊಂಡರು.

ಅದಾದ ಎರಡನೆಯ ಮಳೆಗಾಲಕ್ಕೆ ಅಹಮದ್ ಸಾಬ್ರು ಎದೆನೋವಿನಿಂದ ತೀರಿಕೊಂಡರು. ಅಷ್ಟು ದಿನ ಅವರಿಬ್ಬರೂ ಮಾತಾಡಿಕೊಂಡಿದ್ದರು, ಬಹಳವಲ್ಲ, ಬೇಕಾದಷ್ಟು. ಗಂಡನನ್ನು ಕ್ಷಮಿಸಿದಿರಾ ಅಂತ ಅಮ್ಮ ಒಮ್ಮೆ ಕೇಳಿದ್ದಳು. ಬಾನಕ್ಕ ಬೇಲಿಯ ಮೇಲೆ ಒಣಹಾಕಿದ್ದ ಟವಲನ್ನು ತಿರುಗಿಸಿ ಹಾಕುತ್ತ, "ಅದೆಲ್ಲ ಗೊತ್ತಿಲ್ಲ ವಸಂತಮ್ಮ. ಅವರಿಗೆ ಊಟ ಸೇರದಿದ್ರೆ ನಂಗೂ ಸೇರ್ತಿರ್ಲಿಲ್ಲ," ಅಂದರಂತೆ.